ತಂಗಡಿ ಹೂವಿನ ಪಲ್ಯ

೧೯೫೮, ಸೆಪ್ಟೆಂಬರ್ ಹನ್ನೊಂದು, ಗುರುವಾರ. ಬೆಳಿಗ್ಗೆ ಮೋಡವಿತ್ತು, ಮಳೆ ಬರಲಿಲ್ಲ. ಹೊತ್ತೇರಿದಂತೆ ಬಿಸಿಲು.

ಊಟದ ಹೊತ್ತಿಗೆ ಓಬಯ್ಯ ತನ್ನ ಗುರು ನಿಜಗುಣಯ್ಯನವರಿಗೆ ತಂಗಡಿ ಹೂವಿನ ಪಲ್ಯ ಬಡಿಸಿದ. ಗುರುಗಳು ರೊಟ್ಟಿ ಮುರಿದುಕೊಂಡು, ಪಲ್ಯವನ್ನೆಲ್ಲ ಶಿಷ್ಯನ ತಟ್ಟೆಗೆ ಸರಿಸಿದರು. ಮೂರು ವರ್ಷದಿಂದ ಹೀಗೇ.

ಏಳು ವರ್ಷದ ಹಿಂದೆ ಅವರಿಬ್ಬರೂ ವಾಸವಿದ್ದ ಗುಡ್ಡ ಬೋಳಾಗಿತ್ತು. ಚರ್ಮ ಹದ ಮಾಡಲು ತೊಗಟೆ ಬೇಕೆಂದು ವ್ಯಾಪಾರಿಗಳು ತಂಗಡಿ ಗಿಡಗಳನ್ನು ಬುಡಸಮೇತ ಕಿತ್ತು ಗಾಡಿಗೆ ತುಂಬಿದ್ದರು. ಗುರುಗಳು ಮೂರು ದಿನ ನಡೆದು, ದುರುಗಜ್ಜಿ ಎಂಬ ಕುರಿ ಕಾಯುವ ಮುದುಕಿಯಿಂದ ಒಂದು ಹಿಡಿ ಬೀಜ ತಂದರು. ಓಬಯ್ಯ ಅವನ್ನು ಕಲ್ಲಿಗೆ ಉಜ್ಜಿ, ನೆನೆಹಾಕಿ, ಬಿತ್ತಿದ.

ಮೊದಲ ಹೂ ಬಿಟ್ಟಾಗ ಬುಟ್ಟಿ ಹಿಡಿದು ಹೊರಟವನನ್ನು ಗುರುಗಳು ತಡೆದರು. ಕಾಯಿಗಟ್ಟಲಿ ಎಂದರು. ಮರುವರ್ಷವೂ ಅದೇ ಮಾತು.

ಈಗ ಗುಡ್ಡವೆಲ್ಲ ಹಳದಿ. ಕೆಳಗಿನ ಹಳ್ಳಿಯ ಹೆಂಗಸರೂ ಬಂದು ಕೊಯ್ದುಕೊಳ್ಳುತ್ತಿದ್ದರು. ತಿನ್ನದವರು ಗುರುಗಳೊಬ್ಬರೇ. ನಿನ್ನ ಅಡುಗೆ ನಿಮ್ಮ ಬುದ್ಧಿಯವರಿಗೆ ಸೇರಲ್ಲ ಬಿಡಪ್ಪ ಎಂದು ಹೆಂಗಸರು ನಗುತ್ತಿದ್ದರು.

ಓಬಯ್ಯನಿಗೆ ಅದು ನಗುವ ಮಾತಾಗಿರಲಿಲ್ಲ. ಗುಡ್ಡ ಬೋಳಾಗುವ ಮೊದಲು ಈ ಪಲ್ಯವಿದ್ದ ದಿನ ಗುರುಗಳು ಇನ್ನೊಂದು ರೊಟ್ಟಿ ಕೇಳುತ್ತಿದ್ದುದನ್ನು ಅವನೇ ಕಂಡಿದ್ದ. ಅವರಿಗೆಂದೇ ಅವನು ಏಳು ವರ್ಷ ಆ ಗಿಡಗಳನ್ನು ಕಾದಿದ್ದ.

"ಬುದ್ಧಿ, ನನ್ನ ಕೈಯಲ್ಲೇ ಏನೋ ದೋಷ ಇರಬೇಕು," ಎಂದ. "ಇವತ್ತೂ ನೀವು ಮುಟ್ಟದಿದ್ದರೆ ನಾನು ಗುಡ್ಡ ಇಳಿದು ಹೋಗ್ತೀನಿ."

"ಗಿಡ ನೋಡಿಕೊಳ್ಳೋರು ಯಾರು?"

"ತಿನ್ನದವರಿಗೆ ಗಿಡ ಯಾಕೆ?"

ಗುರುಗಳು ನಕ್ಕರು. "ಈಗ ಒಂದು ಗೊಂಚಲಿಗೆ ಎಷ್ಟು ಹೂ ಕೊಯ್ತೀಯ?"

"ಎರಡು. ಮಿಕ್ಕಿದ್ದು ಬೀಜಕ್ಕೆ."

"ಮೊದಲ ವರ್ಷ ನಾನು ತಡೆಯದಿದ್ದರೆ?"

ಓಬಯ್ಯ ತಲೆ ತಗ್ಗಿಸಿದ. "ಅಷ್ಟೂ ಕೊಯ್ದುಬಿಡ್ತಿದ್ದೆ. ನಿಮಗೆ ಬಡಿಸೋ ಆಸೆ."

"ನನಗೂ ಉಣ್ಣೋ ಆಸೆ ಇತ್ತಪ್ಪ. ದುರುಗಜ್ಜಿ ನನ್ನ ಮುಖ ನೋಡಿದ ಕೂಡಲೇ ಕಂಡುಕೊಂಡಳು."

ಆ ಮುದುಕಿ ಬೀಜವನ್ನು ಯಾರಿಗೂ ಸುಮ್ಮನೆ ಕೊಡುವವಳಲ್ಲ ಎಂಬುದು ಓಬಯ್ಯನಿಗೆ ನೆನಪಾಯಿತು. ಗುರುಗಳ ಬಳಿ ಆಗ ಇದ್ದದ್ದು ಹೊದ್ದ ಕಂಬಳಿ ಒಂದೇ.

"ಕಂಬಳಿ ಕೊಟ್ಟಿರಾ?"

"ಬೇಡ ಅಂದಳು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನ ಬಿಟ್ಟು ಬರ್ತಾರಲ್ಲ, ನನ್ನ ಬೀಜ ಒಯ್ಯೋನೂ ಒಂದನ್ನ ಬಿಟ್ಟು ಹೋಗಬೇಕು ಅಂದಳು."

"ಏನು ಬಿಟ್ಟಿರಿ ಬುದ್ಧಿ?"

ಗುರುಗಳು ಶಿಷ್ಯನ ತಟ್ಟೆಯ ಕಡೆ ನೋಡಿದರು.

"ಇದರ ರುಚಿಯನ್ನ. ನೀನು ಉಣ್ಣು. ಹೇಗಿದೆ, ಹೇಳು."