ಗಳದ ಮೇಲಿನ ರೇಷ್ಮೆ ಪಂಚೆ

ಮೊಟ್ಟೆಯ ಬಿತ್ತನೆಗೆಂದು ಉಳಿಸಿದ್ದ ಗೂಡಿನಿಂದ ಹೊರಬಂದ ರೇಷ್ಮೆ ಚಿಟ್ಟೆಯೊಂದು ತೆವಳುತ್ತಾ ಪಕ್ಕದ ದೇವರ ಮನೆ ಸೇರಿ, ಗಳದ ಮೇಲಿದ್ದ ರೇಷ್ಮೆ ಪಂಚೆಯನ್ನು ಏರಿತು.

“ಅಣ್ಣಾ, ಯಾವ ಜೀವಕ್ಕೂ ನೋವಾಗದಿರಲಿ ಎಂದು ಈ ಮನೆಯ ಯಜಮಾನರು ದಿನಾ ದೇವರಲ್ಲಿ ಬೇಡುತ್ತಾರಂತೆ. ನಾನೂ ಇಲ್ಲೇ ಇದ್ದುಬಿಡಲೇ? ನಮ್ಮ ಕುಲದವರೂ ಹಿಂದೆ ಇಲ್ಲಿಗೇ ಬಂದರಂತೆ, ಎಲ್ಲಿದ್ದಾರೆ?”

ಪಂಚೆಗೆ ಸುಳ್ಳು ಹೇಳಿಬಿಡೋಣ ಎನಿಸಿತು. ಆದರೆ ಹೇಳಲಾಗಲಿಲ್ಲ, ಏಕೆಂದರೆ ಸತ್ಯವನ್ನೇ ನುಡಿಯಬೇಕೆಂದು ಯಜಮಾನರು ಪೂಜೆಯಲ್ಲಿ ಹೇಳುತ್ತಿದ್ದುದನ್ನು ಅದು ನಂಬಿಬಿಟ್ಟಿತ್ತು.

“ಅವರನ್ನು ಗೂಡಿನೊಳಗೇ ಕುದಿಸಿ ನೂಲು ತೆಗೆದರು, ತಂಗಿ. ಆ ನೂಲೇ ನಾನು. ಬೇಗ ಹೊರಟುಹೋಗು.”

ಚಿಟ್ಟೆ ಹೋಗಲಿಲ್ಲ. ತನ್ನವರನ್ನು ತಬ್ಬಿಕೊಂಡು ಕೂತಿತು.

ಅಷ್ಟರಲ್ಲಿ ಯಜಮಾನರು ಪೂಜೆಗೆ ಬಂದರು. ಅಹಿಂಸೆಯವರಾದ್ದರಿಂದ ಚಿಟ್ಟೆಯನ್ನು ಕೊಲ್ಲದೆ ಮೆಲ್ಲಗೆ ಕೊಡವಿದರು. “ಛೇ, ಹುಳ ಮುಟ್ಟಿ ಮಡಿ ಕೆಟ್ಟಿತಲ್ಲ!” ಎಂದು ಪಂಚೆಯನ್ನು ನೀರಿಗೆ ಹಾಕಿದರು.