ಕಡೆಯ ಪಂಕ್ತಿಯ ಊಟ

ನದೀತೀರದ ಆಶ್ರಮವೊಂದರಲ್ಲಿ ಗೌರೀಶನೆಂಬ ಶಿಷ್ಯ ಅಡುಗೆ ಮಾಡುತ್ತಿದ್ದ. ಇಲ್ಲಿ ನೆಲೆಸುವ ಮೊದಲು ಅವನು ದೇಶದೇಶ ಅಲೆದವನು.

ಇರಾನಿನ ಬೆಟ್ಟದ ಹಳ್ಳಿಯೊಂದರಲ್ಲಿ, ಹಿಮ ಬಿದ್ದು ದಾರಿ ಮುಚ್ಚಿದ ದಿನ, ಒಬ್ಬ ಅಜ್ಜಿ ಅವನನ್ನು ಒಳಗೆ ಕರೆದು ಒಂದು ಬಟ್ಟಲು ‘ಆಶ್’ ಕೊಟ್ಟಿದ್ದಳು. ಕಾಳು, ಸೊಪ್ಪು, ಶಾವಿಗೆ ಕೂಡಿ ಬೆಂದ ಗಟ್ಟಿ ಸಾರು. ಮೇಲೆ ಹುರಿದ ಪುದೀನ. ಆ ರುಚಿ ಅವನನ್ನು ಬಿಟ್ಟಿರಲಿಲ್ಲ.

ಋತು ಬದಲಾದಂತೆಲ್ಲ ಅದನ್ನೇ ಮಾಡಿ ನೋಡಿದ. ಮಳೆಗಾಲದಲ್ಲಿ ಹುರುಳಿ, ಬೇಸಿಗೆಯಲ್ಲಿ ಹೆಸರು, ಮಾಗಿಯಲ್ಲಿ ಅವರೆ, ಮೆಂತ್ಯದ ಸೊಪ್ಪು. ಉಂಡವರು ಹೊಗಳಿದರು. ಅವನಿಗೆ ಮಾತ್ರ ಆ ರುಚಿ ಸಿಗಲಿಲ್ಲ.

ಆಶ್ರಮದಲ್ಲಿ ಅಡುಗೆಯವನು ಒಲೆಯ ಮುಂದೆ ರುಚಿ ನೋಡುವಂತಿಲ್ಲ. ನೈವೇದ್ಯವಾಗಿ, ಎಲ್ಲರ ಊಟ ಮುಗಿದು, ನೆಲ ಸಾರಿಸಿದ ಮೇಲೆ, ಉಳಿದದ್ದನ್ನು ಒಬ್ಬನೇ ಕುಳಿತು ಉಣ್ಣಬೇಕು. ಅಷ್ಟರಲ್ಲಿ ಎಲ್ಲವೂ ಆರಿರುತ್ತಿತ್ತು. ಹೊರಗೆ ಮಾತು ನಿಂತಿರುತ್ತಿತ್ತು.

ಒಂದು ಸಂಜೆ ಅವನು ಗುರುಗಳ ಮುಂದೆ ನಿಂತ.

“ಅಪ್ಪಣೆ ಕೊಡಿ, ಗುರುಗಳೇ. ಆ ಊರಿಗೇ ಹೋಗಿಬಿಡುತ್ತೇನೆ. ಅಲ್ಲಿಯ ಯಾವುದೋ ಸೊಪ್ಪು ಇಲ್ಲಿಲ್ಲ.”

ಗುರುಗಳು ಕೂರಲು ಸನ್ನೆ ಮಾಡಿದರು. ಅವನು ನಿಂತೇ ಮುಂದುವರಿಸಿದ.

“ಆಶ್ರಮ ಕಟ್ಟಿದ ಹಿರಿಯರಿಗೆ ನದಿಯೇ ಉಪ್ಪಿನ ಹದ ಹೇಳುತ್ತಿತ್ತಂತೆ. ನನಗೆ ಹೇಳುವವರು ಯಾರೂ ಇಲ್ಲ.”

“ಅದನ್ನು ಕಿವಿಯಾರೆ ಕೇಳಿದವರು ಯಾರಪ್ಪ?”

“ಎಲ್ಲರೂ ಹೇಳುತ್ತಾರಲ್ಲ.”

“ನನಗಂತೂ ಅದು ಹರಿಯುವುದಷ್ಟೇ ಕೇಳಿಸಿದೆ. ಇರಲಿ, ನಾಳೆ ಇನ್ನೊಮ್ಮೆ ಮಾಡು. ಆಮೇಲೆ ಹೊರಡುವೆಯಂತೆ.”

ಮರುದಿನ ಗೌರೀಶ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟ, ಆಶ್ ಮಾಡಿದ. ನೈವೇದ್ಯವಾಯಿತು. ಪಂಕ್ತಿ ಕುಳಿತಿತು. ಆಗ ಗುರುಗಳು ಅಡುಗೆಮನೆಗೆ ಬಂದು ಅವನ ಕೈಯಿಂದ ಸೌಟು ತೆಗೆದುಕೊಂಡರು.

“ಕುಳಿತುಕೋ.”

“ಎಲ್ಲರೂ ಕಾಯುತ್ತಿದ್ದಾರೆ, ಗುರುಗಳೇ.”

“ಕಾಯಲಿ ಬಿಡು. ಊಟ ತುಸು ತಡವಾದರೆ ಯಾರೂ ಸನ್ಯಾಸ ಬಿಟ್ಟು ಓಡುವುದಿಲ್ಲ.”

ಹಬೆಯಾಡುವ ಬಟ್ಟಲು ಮುಂದೆ ಬಂತು. ಮೊದಲ ಗುಟುಕಿಗೇ ನಾಲಿಗೆ ಸುಟ್ಟಿತು. ಗೌರೀಶ ಕಣ್ಣು ಮುಚ್ಚಿದ.

“ಅದೇ! ಗುರುಗಳೇ, ಅದೇ ರುಚಿ! ಏನು ಬೆರೆಸಿದಿರಿ?”

“ನನಗೇನು ಅಡುಗೆ ಬರುತ್ತದೆಯೇ? ನೀನು ಮಾಡಿದ್ದನ್ನು ಬಿಸಿಬಿಸಿಯಾಗಿ ಬಡಿಸಿದೆ, ಅಷ್ಟೇ.”

ಗೌರೀಶ ನಗುತ್ತ ಉಂಡ. ಅವನು ಬಟ್ಟಲಿನ ತಳ ಮುಟ್ಟುವವರೆಗೂ ಗುರುಗಳು ನಿಂತೇ ಇದ್ದರು.

“ಆ ಅಜ್ಜಿಯ ಮನೆಯಲ್ಲಿ ಇನ್ಯಾರಿದ್ದರು?”

“ಯಾರೂ ಇಲ್ಲ. ಅವಳೊಬ್ಬಳೇ.”

“ನಿನ್ನ ಜೊತೆ ಕುಳಿತು ಉಂಡಳೇ?”

ಗೌರೀಶನ ಕೈ ಬಟ್ಟಲಿನಲ್ಲೇ ನಿಂತಿತು.

“ಇಲ್ಲ… ಹೀಗೇ, ಬಡಿಸುತ್ತ ನಿಂತಿದ್ದಳು. ದಾರಿ ತೆರೆಯಿತೆಂದು ಯಾರೋ ಕೂಗಿದರು. ನಾನು ಎದ್ದು ಓಡಿದೆ.”

“ಆಮೇಲೆ ಅವಳು?”

“ನಾನು ತಿರುಗಿ ನೋಡಲಿಲ್ಲ.”

ಗುರುಗಳು ಸೌಟನ್ನು ಅವನ ಕೈಗೆ ಹಿಂದಿರುಗಿಸಿದರು.

“ನೀನು ಇಷ್ಟು ದಿನ ಇಲ್ಲಿ ಆರಿದ್ದನ್ನು ಒಬ್ಬನೇ ಕುಳಿತು ಉಂಡೆಯಲ್ಲ, ಮಗು, ಅದು ಅವಳ ಊಟ.”