ಸುಳ್ಳಿನ ಬಂಡೆ

ಇಟಲಿಯ ದಕ್ಷಿಣದ ತುದಿಯಲ್ಲಿ ತೊರ್ರೆಸಾರಾ ಎಂಬ ಹಳೆಯ ಬಂದರು ಊರಿದೆ. ಅಲ್ಲಿ ಕಡಲೊಳಕ್ಕೆ ಚಾಚಿಕೊಂಡ ಕರಿಬಂಡೆಯ ಮುಂದೆ ಬೆಸ್ತರು ಇಂದಿಗೂ ಟೋಪಿ ತೆಗೆದು ನಿಲ್ಲುತ್ತಾರೆ. ಇಷ್ಟು ಗೌರವದ ಜಾಗಕ್ಕೆ ಹೆಸರು ಮಾತ್ರ ‘ಸುಳ್ಳಿನ ಬಂಡೆ’! ಬಂದವರು ಹುಬ್ಬೇರಿಸುತ್ತಾರೆ, ಊರಿನವರು ಮುಸಿಮುಸಿ ನಗುತ್ತಾರೆ.

ಹಿಂದೆ, ದೀಪಸ್ತಂಭವಿಲ್ಲದ ಕಾಲದಲ್ಲಿ, ಮಂಜು ಕವಿದ ದಿನಗಳಲ್ಲಿ ಊರಿನ ಹಾಡುಗಾರ್ತಿ ಆ ಬಂಡೆಯ ಮೇಲೆ ಕೂತು, ಊರು ಕಟ್ಟಿದ ವೀರರ ಕಥೆಯನ್ನು ಗಟ್ಟಿಯಾಗಿ ಹಾಡಬೇಕಿತ್ತು. ದೋಣಿಗಳು ಆ ದನಿ ಹಿಡಿದು ದಡ ಸೇರುತ್ತಿದ್ದವು. ‘ಎಲ್ಲರೂ ಬಂದರು, ಬಾಗಿಲು ಹಾಕಿರಿ’ ಎಂಬ ಕೊನೆಯ ಸಾಲನ್ನು ಕಡೆಯ ದೋಣಿ ಬಂದ ಮೇಲೆಯೇ ಹಾಡುವುದು ಕಟ್ಟಳೆ. ಅಂಥದೊಂದು ದಿನ ಹಾಡುಗಾರ್ತಿ ಅಸ್ಸುಂತಾಳ ಮಗ ನುನ್ಸಿಯೊನ ದೋಣಿ ಬಿಟ್ಟು ಉಳಿದೆಲ್ಲವೂ ಬಂದವು. ಕಥೆ ಮುಗಿಯುತ್ತ ಬಂತು, ಮಗ ಬರಲಿಲ್ಲ. ಹುಡುಕಲು ಹೋಗೋಣವೆಂದರೆ ಯಾವ ದಿಕ್ಕಿಗೆ? ಚಾಚಿದ ಕೈಯೇ ಕಾಣದಷ್ಟು ಮಂಜು.

“ಸಾಕು ತಾಯಿ, ಕೊನೆಯ ಸಾಲು ಹಾಡಿಬಿಡು. ಬರುವವರೆಲ್ಲ ಬಂದಾಯಿತು,” ಎಂದರು ಪಾದ್ರಿ ಗಾಸ್ಪರೆ, ಮೆಲ್ಲಗೆ.

“ಕಥೆ ಇನ್ನೂ ಇದೆ ಸ್ವಾಮಿ,” ಎಂದಳು ಅಸ್ಸುಂತಾ.

ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ: ಮಗ ಹಸಿವು ತಡೆದಾನು, ಚಳಿ ತಡೆದಾನು, ತನ್ನ ಮೇಲೆ ಸುಳ್ಳು ಹೊರಿಸಿದರೆ ಮಾತ್ರ ತಡೆಯಲಾರ. ವೀರರನ್ನು ಹೊಗಳಿದ ಅದೇ ಗಂಭೀರ ರಾಗದಲ್ಲಿ ದನಿಯೆತ್ತಿದಳು: ‘ಹಬ್ಬದ ದಿನ ಪಾದ್ರಿಯ ಬೂಟಿನೊಳಗೆ ಏಡಿ ಬಿಟ್ಟವನು ಯಾರು? ನನ್ನ ಮಗ ನುನ್ಸಿಯೊ!’ ಪಾದ್ರಿ ಬಾಯಿ ತೆರೆದು ನಿಂತರು. ಇವಳಿಗೆ ಬುದ್ಧಿ ಕೆಟ್ಟಿತೆಂದು ಜನ ಕಣ್ಣೊರೆಸಿಕೊಂಡರು. ಅವಳು ಅದನ್ನೇ ಮತ್ತೆ ಮತ್ತೆ ಹಾಡಿದಳು. ಗಂಟಲು ಬಿರಿಯಿತು, ಬಿಡಲಿಲ್ಲ.

ಆಗ ಬಡಗಣ ಬಂಡೆಗಳ ಕಡೆಯಿಂದ ಸೋತ ದನಿಯೊಂದು ಮಂಜು ಸೀಳಿಕೊಂಡು ಬಂತು: “ಅದು ನಾನಲ್ಲಮ್ಮಾ! ಪಿಯೆತ್ರೊ ಮಾಡಿದ್ದು!”

ದೋಣಿಗಳು ಅತ್ತ ನುಗ್ಗಿದವು. ಒಡೆದ ದೋಣಿಯಲ್ಲಿ ಅರೆಜೀವವಾಗಿ ಬಿದ್ದಿದ್ದವನನ್ನು ಎತ್ತಿ ತಂದರು. ಕೊನೆಯ ಸಾಲಿಗೆ ತಾಯಿಯಲ್ಲಿ ದನಿಯೇ ಉಳಿದಿರಲಿಲ್ಲ; ಅದನ್ನು ಊರಿಗೆ ಊರೇ ಹಾಡಿತು ಎನ್ನುತ್ತಾರೆ.

ಈಗ ಅಲ್ಲಿ ದೀಪಸ್ತಂಭವಿದೆ. ಆದರೂ ಚಳಿಗಾಲದಲ್ಲೊಮ್ಮೆ ಆ ಬಂಡೆಯ ಮೇಲೆ ಇಡೀ ಕಥೆ ಹಾಡುತ್ತಾರೆ. ಮಹಾವೀರರ ನಡುವೆ ಏಡಿಯೂ ಇದೆ. ವಿದ್ವಾಂಸರು ತೆಗೆಯಿರಿ ಎಂದರು, ಊರು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಸಾಲು ಹಾಡಿದೊಡನೆ ಹಾಡುಗಾರ್ತಿ ನಿಲ್ಲಿಸುತ್ತಾಳೆ. ನೆರೆದವರೆಲ್ಲ ಉಸಿರು ಬಿಗಿಹಿಡಿದು ಕಡಲಿಗೆ ಕಿವಿಗೊಡುತ್ತಾರೆ. ಯಾರೂ ನಗುವುದಿಲ್ಲ. ಮಕ್ಕಳನ್ನು ಕಡಲಿಗೆ ಕೊಟ್ಟ ತಾಯಂದಿರು ಎಲ್ಲರಿಗಿಂತ ಮುಂದೆ, ನೀರಿನಂಚಿನಲ್ಲಿ ನಿಂತಿರುತ್ತಾರೆ.